ಆಕಳಿನ ಔಷಧಿ: ಅರ್ಧಕ್ಕೆ ನಿಲ್ಲಿಸಬೇಡಿ

ಅಂಕೋಲಾ, ಕಾರವಾರದ ಅಡಿಕೆ ತೋಟಕ್ಕೆ ಕೊಟ್ಟಿಗೆ ಗೊಬ್ಬರವೇ ಆಧಾರ. ಆಕಳಿಗೆ ಕೆಚ್ಚಲು ಬಾವು ಬಂದಾಗ, ಉಳಿದಿದ್ದ ಆಂಟಿಬಯೋಟಿಕ್ ಔಷಧಿಯನ್ನು ತಾವೇ ಕೊಟ್ಟು, ಬಾವು ಇಳಿದೊಡನೆ ನಿಲ್ಲಿಸುವವರು ನಮ್ಮಲ್ಲಿದ್ದಾರೆ. ಇದರಿಂದ ದುರ್ಬಲ ರೋಗಾಣುಗಳು ಸತ್ತು, ಔಷಧಿಯನ್ನು ತಾಳಿಕೊಂಡವು ಉಳಿದು ಬೆಳೆಯುತ್ತವೆ. ಮುಂದೆ ಅದೇ ಔಷಧಿ ನಾಟದು. ಇಂಥ ರೋಗಾಣುಗಳು ಹಸಿ ಹಾಲು, ಸಗಣಿಯ ಮೂಲಕ ಮನುಷ್ಯರಿಗೂ ದಾಟಬಲ್ಲವು. ಆದ್ದರಿಂದಲೇ ಮನುಷ್ಯರಿಗೆ ಕಡೆಯ ಆಸರೆಯಾದ ಕೊಲಿಸ್ಟಿನ್ ಔಷಧಿಯನ್ನು ಹಾಲು-ಮಾಂಸದ ಪ್ರಾಣಿಗಳಿಗಾಗಿ ಮಾರುವುದನ್ನು ಕೇಂದ್ರ ಸರ್ಕಾರವು 2019ರಲ್ಲಿ ನಿಷೇಧಿಸಿತು.

ಸದಸ್ಯರು ಪಶುವೈದ್ಯರನ್ನು ಕೇಳಿಯೇ ಔಷಧಿ ಕೊಡಬೇಕು. ಅವರು ಹೇಳಿದಷ್ಟು ದಿನ ತಪ್ಪದೆ ಕೊಡಬೇಕು. ಅವರು ತಿಳಿಸಿದ ಅವಧಿ ಮುಗಿಯುವವರೆಗೆ ಆ ಹಾಲನ್ನು ಮನೆಗೂ ಡೇರಿಗೂ ಬಳಸಬಾರದು. ಗೊಬ್ಬರವನ್ನು ಚೆನ್ನಾಗಿ ಕಳಿಸಿಯೇ ತೋಟಕ್ಕೆ ಹಾಕಬೇಕು. ಕೊಟ್ಟಿಗೆ ಒಣಗಿದ್ದು, ಕರೆಯುವ ಮೊದಲು ಕೈ, ಕೆಚ್ಚಲು ತೊಳೆದರೆ ಬಾವೂ ಕಡಿಮೆ, ಖರ್ಚೂ ಕಡಿಮೆ.