ಗೆದ್ದಲಿಗೆ ಯಾವ ತರಕಾರಿ ಇಷ್ಟ?

ಕಲಘಟಗಿ ತಾಲ್ಲೂಕಿನ ಕಾಡಂಚಿನ ಊರುಗಳಲ್ಲಿ ಸಿದ್ದಿಗಳಿದ್ದಾರೆ. ಪೋರ್ಚುಗೀಸರು ಆಫ್ರಿಕಾದಿಂದ ಗೋವಾಕ್ಕೆ ತಂದ ಗುಲಾಮರಲ್ಲಿ ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದವರ ಸಂತತಿ ಇದು. ಶತಮಾನಗಳಿಂದ ಇಲ್ಲೇ ಇದ್ದು ಕನ್ನಡ, ಕೊಂಕಣಿ ಆಡುತ್ತಿದ್ದರೂ ಊರಾಚೆ ಹೋದರೆ 'ಯಾವ ದೇಶದವರು?' ಎಂಬ ಪ್ರಶ್ನೆ ಅವರಿಗೆ ತಪ್ಪಿದ್ದಲ್ಲ. ಧಾರವಾಡ ಜಿಲ್ಲೆಯ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿ ಸೇರಿದ್ದೇ 2020ರಲ್ಲಿ.

ಹೊರಗಿನವರೆಂಬ ಈ ಅನುಮಾನ ಎಲ್ಲ ಸಮಾಜಗಳಲ್ಲೂ ಇದೆ. ರಾಜಕೀಯ ಭಾಷಣ ಅದಕ್ಕೊಂದು ಹುಳುವಿನ ಇಲ್ಲವೇ ವಿಷದ ಹೆಸರು ಅಂಟಿಸಿದಾಗ ಅಪಾಯ ಹೆಚ್ಚುತ್ತದೆ. 1994ರ ನರಮೇಧದ ವೇಳೆ ರುವಾಂಡಾದ ರೇಡಿಯೊ ಟುಟ್ಸಿಗಳನ್ನು ಜಿರಳೆ ಎನ್ನುತ್ತಿತ್ತು. 2018ರಲ್ಲಿ ಬಿಜೆಪಿಯ ಆಗಿನ ರಾಷ್ಟ್ರಾಧ್ಯಕ್ಷ ಅಮಿತ್ ಶಾ ಅಕ್ರಮ ನುಸುಳುಕೋರರನ್ನು ಗೆದ್ದಲು ಎಂದರು. ವಲಸಿಗರು ಅಮೆರಿಕದ ರಕ್ತಕ್ಕೆ ವಿಷ ಬೆರೆಸುತ್ತಿದ್ದಾರೆ ಎಂದು 2023ರಲ್ಲಿ ಡೊನಾಲ್ಡ್ ಟ್ರಂಪ್ ಹೇಳಿದರು.

ಇಂಥ ಮಾತು ಕೇಳಿದವರ ನಡತೆ ಬದಲಾಗುತ್ತದೆಯೇ? ಮನೋವಿಜ್ಞಾನಿ ಆಲ್ಬರ್ಟ್ ಬಂಡೂರ ಮತ್ತು ಸಂಗಡಿಗರು 1975ರಲ್ಲಿ ಪ್ರಕಟಿಸಿದ ಪ್ರಯೋಗ ಇದನ್ನೇ ಪರೀಕ್ಷಿಸಿತ್ತು. ತಪ್ಪು ಮಾಡಿದ ತಂಡಕ್ಕೆ ವಿದ್ಯುತ್ ಶಾಕ್ ಕೊಡುವ ಕೆಲಸ ಕಾಲೇಜು ವಿದ್ಯಾರ್ಥಿಗಳದು. 1ರಿಂದ 10ರವರೆಗೆ ಯಾವ ಮಟ್ಟದ್ದು ಎಂಬುದು ಅವರಿಗೇ ಬಿಟ್ಟದ್ದು. ಶಾಕ್ ನಿಜವಾಗಿ ಯಾರಿಗೂ ತಗಲುತ್ತಿರಲಿಲ್ಲ, ಅದು ವಿದ್ಯಾರ್ಥಿಗಳಿಗೆ ಗೊತ್ತಿರಲಿಲ್ಲ. ಆ ತಂಡದವರು ಮೃಗಗಳಂಥವರು ಎಂಬ ಮಾತು ಕಿವಿಗೆ ಬೀಳುವಂತೆ ಮಾಡಿದಾಗ ಶಾಕಿನ ಮಟ್ಟ ಏರಿತು. ಒಳ್ಳೆಯ ಮಾತು ಬಿದ್ದಾಗ ಇಳಿಯಿತು.

ಮಿದುಳಿನೊಳಗೆ ಇಣುಕಿದವರು ಮನೋವಿಜ್ಞಾನಿಗಳಾದ ಲಸಾನಾ ಹ್ಯಾರಿಸ್ ಮತ್ತು ಸೂಸನ್ ಫಿಸ್ಕ್. ಇನ್ನೊಬ್ಬರ ಮನಸ್ಸಿನಲ್ಲೇನಿದೆ ಎಂದು ಊಹಿಸುವಾಗ ಹಣೆಯ ಹಿಂದೆ, ಮಿದುಳಿನ ನಡುಭಾಗದಲ್ಲಿರುವ ಒಂದು ಪ್ರದೇಶ ಚುರುಕಾಗುತ್ತದೆ. ಸೂರಿಲ್ಲದವರ, ಮಾದಕ ವ್ಯಸನಿಗಳ ಚಿತ್ರ ಕಂಡಾಗ ಅದು ಅಷ್ಟಾಗಿ ಚುರುಕಾಗಲಿಲ್ಲ. ಅಸಹ್ಯದ ಭಾವಕ್ಕೆ ನಂಟಿರುವ ಇನ್ಸುಲಾ ಚುರುಕಾಯಿತು. ಇದು 2006ರ ಫಲಿತಾಂಶ. ಮರುವರ್ಷ ಪ್ರಕಟವಾದ ಅಧ್ಯಯನದಲ್ಲಿ ಅಂಥ ಚಿತ್ರಗಳ ಜೊತೆ 'ಇವರಿಗೆ ಈ ತರಕಾರಿ ಇಷ್ಟವಿರಬಹುದೇ?' ಎಂದು ಕೇಳಿದರು. ಸುಮ್ಮನಿದ್ದ ಭಾಗ ಎಚ್ಚೆತ್ತಿತು! ಉತ್ತರ ಊಹಿಸಬೇಕೆಂದರೆ ಎದುರಿನವರಿಗೂ ನಾಲಿಗೆಯಿದೆ, ಮನಸ್ಸಿದೆ ಎಂದು ಒಪ್ಪಲೇಬೇಕಲ್ಲ.

ಸಂತೆಯಲ್ಲಿ ಪಕ್ಕ ನಿಂತು ಚವಳಿಕಾಯಿ ಆರಿಸುವವರ ನಡುವೆ ಈ ಊಹೆ ತಾನಾಗಿಯೇ ನಡೆಯುತ್ತದೆ. ಹುಳುವಿನ ಹೆಸರು ಅದಕ್ಕೆ ಎಡೆಯನ್ನೇ ಕೊಡುವುದಿಲ್ಲ.

ಗಡಿ ಕಾಯುವುದು, ದಾಖಲೆ ಪರಿಶೀಲಿಸುವುದು ಸರ್ಕಾರದ ಕೆಲಸ. ಆ ಬಗ್ಗೆ ಖಾರವಾದ ವಾದವೂ ನಡೆಯಲಿ. ಆದರೆ ಗೆದ್ದಲಿಗೆ ಯಾರೂ ದಾಖಲೆ ಕೇಳುವುದಿಲ್ಲ, ಎಣ್ಣೆ ಹೊಡೆಯುತ್ತಾರೆ. ಆ ಹೆಸರಿಟ್ಟು ಕರೆದಾಗಲೇ ಏನು ಮಾಡಬೇಕೆಂದೂ ಅರ್ಧ ಹೇಳಿದಂತಾಗಿರುತ್ತದೆ.