ಮುಖ್ಯ ವಿಷಯದ ಮಗ್ಗುಲಲ್ಲಿ ಚರಿತ್ರೆ

ಕಾಲೇಜಿನ ಅರ್ಜಿ ಮನೆಗೆ ಬಂದಿತೆಂದರೆ ಮಧ್ಯಮ ವರ್ಗದ ಸಂಸಾರದಲ್ಲಿ ಒಂದು ಸಣ್ಣ ಸಭೆಯೇ ಸೇರುತ್ತದೆ. ಮುಖ್ಯ ವಿಷಯದ ಚರ್ಚೆ ಬೇಗ ಮುಗಿಯುತ್ತದೆ. ಗಣಿತವೋ, ವಾಣಿಜ್ಯವೋ, ಅದು ಬಹುಮಟ್ಟಿಗೆ ಮೊದಲೇ ನಿಶ್ಚಿತ. ಆದರೆ ಉಪವಿಷಯದ ಸ್ಥಳದಲ್ಲಿ ಮಗಳು 'ಚರಿತ್ರೆ' ಎಂದು ಬರೆದಾಗ ತಂದೆಯ ಹುಬ್ಬು ಮೇಲೇರುತ್ತದೆ. "ಗಣಿತ ಓದುವವಳಿಗೆ ಸತ್ತ ರಾಜರ ಇಸವಿಗಳಿಂದ ಏನಾಗಬೇಕಮ್ಮ?"

ಈ ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು 2022ರ ಡಿಸೆಂಬರಿನಲ್ಲಿ ಪ್ರಕಟಿಸಿದ ಚೌಕಟ್ಟಿನಂತೆ ಮೂರು ವರ್ಷದ ಪದವಿಗೆ ಒಟ್ಟು 120 ಕ್ರೆಡಿಟ್‌ಗಳು. ಅವುಗಳಲ್ಲಿ ಮುಖ್ಯ ವಿಷಯಕ್ಕೆ ಕನಿಷ್ಠ 60, ಉಪವಿಷಯಕ್ಕೆ 24. ಅಂದರೆ ವ್ಯಾಸಂಗದ ಐದನೆಯ ಒಂದು ಪಾಲು ಉಪವಿಷಯಕ್ಕೇ ಸಲ್ಲುತ್ತದೆ. ಅಷ್ಟು ಕಾಲವನ್ನು ಕೊಡುವ ಮುನ್ನ ಅದರ ಪ್ರಯೋಜನವನ್ನು ಕೇಳುವುದು ನ್ಯಾಯವೇ ಸರಿ.

ಉತ್ತರಕ್ಕಾಗಿ ದಾಮೋದರ ಧರ್ಮಾನಂದ ಕೋಸಂಬಿಯವರ ಜೀವನವನ್ನು ನೋಡಬಹುದು. 1907ರಲ್ಲಿ ಗೋವೆಯಲ್ಲಿ ಜನಿಸಿ, ಅಮೆರಿಕದ ಹಾರ್ವರ್ಡಿನಲ್ಲಿ ಪದವಿ ಪಡೆದ ಅವರು ವೃತ್ತಿಯಿಂದ ಗಣಿತದ ಅಧ್ಯಾಪಕರು. ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿದ್ದಾಗ ಸಂಖ್ಯಾಶಾಸ್ತ್ರವನ್ನು ಪ್ರಯೋಗಿಸಿ ನೋಡಲು ಅವರು ಆರಿಸಿಕೊಂಡ ವಸ್ತು ವಿಚಿತ್ರವಾಗಿತ್ತು: ಪ್ರಾಚೀನ ಭಾರತದ ಬೆಳ್ಳಿಯ ಮುದ್ರಾಂಕಿತ ನಾಣ್ಯಗಳು. ಅವುಗಳ ಮೇಲೆ ಸೂರ್ಯ, ಪ್ರಾಣಿ, ಬೆಟ್ಟ ಮೊದಲಾದ ಚಿಹ್ನೆಗಳುಂಟು. ಅರಸನ ಹೆಸರಿಲ್ಲ, ಇಸವಿಯೂ ಇಲ್ಲ.

ಕೋಸಂಬಿಯವರು ತಕ್ಕಡಿಯನ್ನು ಕೈಗೆತ್ತಿಕೊಂಡರು. ನಾಣ್ಯವು ಕೈಯಿಂದ ಕೈಗೆ ಸಾಗಿದಂತೆಲ್ಲ ಕಿಂಚಿತ್ತಾಗಿ ಸವೆಯುತ್ತದೆ. ಒಂದೇ ನಾಣ್ಯದ ತೂಕದಿಂದ ಏನೂ ತಿಳಿಯದು. ಆದರೆ ನೂರಾರು ನಾಣ್ಯಗಳ ಸರಾಸರಿಯನ್ನು ತೆಗೆದರೆ, ಹೆಚ್ಚು ಕಾಲ ಚಲಾವಣೆಯಲ್ಲಿದ್ದ ಗುಂಪು ಯಾವುದೆಂದು ಗೊತ್ತಾಗುತ್ತದೆ. ತಮ್ಮ ಕಾಲದ ನಾಣ್ಯಗಳನ್ನೂ ತೂಗಿ ಅವರು ಈ ತರ್ಕವನ್ನು ಪರೀಕ್ಷಿಸಿದರು. ತಕ್ಷಶಿಲೆಯ ನಿಧಿಯಲ್ಲಿ ಹಿಂಬದಿಯ ಸಣ್ಣ ಗುರುತುಗಳು ಹೆಚ್ಚಿದಂತೆ ಸರಾಸರಿ ತೂಕ ಇಳಿಯುತ್ತಿದ್ದುದನ್ನು ಕಂಡರು. ಮೂಕ ನಾಣ್ಯಗಳು ತಮ್ಮ ವಯಸ್ಸನ್ನು ಹೇಳತೊಡಗಿದವು.

ಅಲ್ಲಿಗೆ ಗಣಿತದ ಕೆಲಸ ಮುಗಿಯಿತು, ಪ್ರಶ್ನೆ ಮುಗಿಯಲಿಲ್ಲ. ಈ ಚಿಹ್ನೆಗಳು ಯಾರವು? ಈ ಹಣದಿಂದ ಯಾರು ಏನನ್ನು ಕೊಂಡರು? ತಕ್ಕಡಿಯು ಇದನ್ನು ಹೇಳಲಾರದು. ಆದುದರಿಂದ ಅವರು ಸಂಸ್ಕೃತ, ಪಾಳಿ ಗ್ರಂಥಗಳತ್ತ ತಿರುಗಿದರು, ಹಳ್ಳಿಗಳಲ್ಲಿ ಅಲೆದರು. 1956ರಲ್ಲಿ ಪ್ರಕಟವಾದ ಅವರ ಭಾರತೀಯ ಇತಿಹಾಸದ ಅಧ್ಯಯನ ಗ್ರಂಥವು, ರಾಜರ ವಂಶಾವಳಿಯನ್ನು ಬಿಟ್ಟು ನೇಗಿಲು, ಭೂಮಿ, ದುಡಿಮೆಗಳನ್ನು ಚರಿತ್ರೆಯ ನಡುವೆ ತಂದು ನಿಲ್ಲಿಸಿತು. ಚಿಹ್ನೆಗಳನ್ನು ಇಂಥಿಂಥ ಅರಸರವೆಂದ ಅವರ ನಿರ್ಣಯಗಳನ್ನು ಎಲ್ಲ ವಿದ್ವಾಂಸರೂ ಒಪ್ಪಿಲ್ಲ. ಆದರೆ ಅವರು ಕೇಳಿದ ಪ್ರಶ್ನೆಗಳನ್ನು ಬಿಟ್ಟು ಮುಂದೆ ಹೋಗುವುದು ಸುಲಭವಲ್ಲ.

ಎಲ್ಲರೂ ಕೋಸಂಬಿಯವರಾಗಬೇಕೆಂದಿಲ್ಲ. ಆದರೆ ದಾರಿ ಎಲ್ಲರಿಗೂ ತೆರೆದಿದೆ. ವಾಣಿಜ್ಯದ ವಿದ್ಯಾರ್ಥಿಗೆ ಕನ್ನಡ ಶಾಸನಗಳಲ್ಲಿ ಐಹೊಳೆಯ ಐನೂರ್ವರ ವರ್ತಕ ಸಂಘವು ಎದುರಾಗುತ್ತದೆ. ವೈದ್ಯಕೀಯ ವಿಜ್ಞಾನಗಳಲ್ಲಿ ಆಸಕ್ತಿಯುಳ್ಳವನಿಗೆ 1898ರ ಪ್ಲೇಗಿನ ಹಿನ್ನೆಲೆಯಲ್ಲಿ ಬಸವನಗುಡಿ, ಮಲ್ಲೇಶ್ವರಗಳು ಬೆಳೆದ ಬಗೆಯೇ ಒಂದು ಪಾಠವಾದೀತು. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ 1863ರಲ್ಲಿ ಮದರಾಸಿನ ಬಳಿಯ ಪಲ್ಲಾವರಂನಲ್ಲಿ ಕಲ್ಲಿನ ಆಯುಧವೊಂದನ್ನು ಗುರುತಿಸಿದಾಗ ಭಾರತದ ಪ್ರಾಗಿತಿಹಾಸಕ್ಕೆ ಹೊಸ ಬಾಗಿಲು ತೆರೆಯಿತು. ಕಲ್ಲನ್ನು ಬಲ್ಲ ಕಣ್ಣೇ ಅದನ್ನು ಕಂಡಿತು.

ಆದರೆ ಒಂದು ಎಚ್ಚರಿಕೆ ಅಗತ್ಯ. ಅಂಕಗಳು ಸುಲಭವಾಗಿ ದೊರೆತಾವೆಂದು ಚರಿತ್ರೆಯನ್ನು ಆರಿಸಿಕೊಂಡರೆ ತಂದೆಯ ಆಕ್ಷೇಪವೇ ನಿಜವಾಗುತ್ತದೆ. ಉಳಿಯುವುದು ಇಸವಿಗಳ ಪಟ್ಟಿ ಮಾತ್ರ. ಚರಿತ್ರೆ ಕಲಿಸಬೇಕಾದುದು ಸಾಕ್ಷ್ಯವನ್ನು ತೂಗುವ ಬಗೆಯನ್ನು: ಇದನ್ನು ಬರೆದವರು ಯಾರು, ಯಾರಿಗಾಗಿ ಬರೆದರು, ಯಾರ ಮಾತು ಇಲ್ಲಿ ದಾಖಲಾಗಲಿಲ್ಲ ಎಂಬ ವಿಚಾರಣೆಯನ್ನು. ಕಾಲೇಜಿನಲ್ಲಿ ಮೂಲ ದಾಖಲೆಗಳನ್ನು ಓದಿಸುವರೆ, ಬರೆಯಿಸುವರೆ ಎಂದು ಅರ್ಜಿಗೆ ಸಹಿ ಹಾಕುವ ಮೊದಲೇ ವಿಚಾರಿಸಬೇಕು.

ಹಾಗೆ ವಿಚಾರಿಸಿದ ತಂದೆಗೆ ಮಗಳು ತನ್ನ ಉತ್ತರವನ್ನೂ ಕೊಡಬಹುದು. ಲೆಕ್ಕವನ್ನು ಬಿಡಿಸುವುದು ಗಣಿತ ತರಗತಿಯ ಪಾಠ. ಯಾವ ಲೆಕ್ಕ ಬಿಡಿಸತಕ್ಕದ್ದು ಎಂಬುದು ಕೆಲವೊಮ್ಮೆ ಪಕ್ಕದ ತರಗತಿಯಲ್ಲಿ ಹೊಳೆಯುತ್ತದೆ.