ಟೊಂಕದ ಡಿಸ್ಕ್ ಸವೆತ: ತಡೆಯುವುದು ಹೇಗೆ?

ದೇವದುರ್ಗ, ಮಾನ್ವಿ ಭಾಗದಲ್ಲಿ ಭತ್ತದ ನಾಟಿ, ಹತ್ತಿ ಬಿಡಿಸುವುದು, ಚೀಲ ಹೊರುವುದು ಎಲ್ಲವೂ ಟೊಂಕದ ಮೇಲೆ ಭಾರ ಹಾಕುವ ಕೆಲಸಗಳೇ. ನೋವು ಬಂದ ಕೂಡಲೇ "ಡಿಸ್ಕ್ ಸವೆದಿದೆ, ಇನ್ನು ದುಡಿಯಲು ಆಗದು" ಎಂದು ಅನೇಕರು ಧೈರ್ಯಗೆಡುತ್ತಾರೆ. ಹಾಗೆ ಹೆದರಬೇಕಾಗಿಲ್ಲ.

ಡಿಸ್ಕ್ ಎಂದರೇನು?
ಬೆನ್ನೆಲುಬಿನ ಮಣಿಗಳ ನಡುವಿನ ಮೆತ್ತೆಯೇ ಡಿಸ್ಕ್. ಇವು ಒಟ್ಟು 23 ಇವೆ. ಎಳೆ ವಯಸ್ಸಿನಲ್ಲಿ ಇದರ ತಿರುಳಿನಲ್ಲಿ ಶೇ. 80ರಷ್ಟು ನೀರಿರುತ್ತದೆ. ತಿರುಳಿಗೆ ರಕ್ತನಾಳಗಳಿಲ್ಲ. ಆಹಾರ, ಆಮ್ಲಜನಕ ಅಕ್ಕಪಕ್ಕದ ಮಣಿಗಳಿಂದ ಜಿನುಗಿ ಬರಬೇಕು. ಆದ್ದರಿಂದ ಹಾಳಾದ ಡಿಸ್ಕ್ ತಾನಾಗಿ ಸುಧಾರಿಸುವುದು ಕಷ್ಟ.

ಸವೆಯುವುದೇಕೆ?
ಒಲೆ ಉರಿಯುವಾಗ ಕಿಡಿ ಹಾರುವಂತೆ, ಜೀವಕೋಶಗಳು ಶಕ್ತಿ ತಯಾರಿಸುವಾಗ ಹಾನಿಕಾರಕ ಕಣಗಳು ಹುಟ್ಟುತ್ತವೆ. ದೇಹವೇ ಅವನ್ನು ನಂದಿಸುತ್ತದೆ. ಕಿಡಿ ಹೆಚ್ಚಾಗಿ, ನಂದಿಸುವ ಶಕ್ತಿ ಸಾಲದಾದರೆ ಅದೇ 'ಆಕ್ಸಿಡೇಟಿವ್ ಸ್ಟ್ರೆಸ್'. ಆಗ ಡಿಸ್ಕಿನ ಕೋಶಗಳು ಸೊರಗುತ್ತವೆ, ನೀರು ಹಿಡಿದಿಡುವ ಗುಣ ಕುಂದುತ್ತದೆ. ಬೀಡಿ, ಸಿಗರೇಟು, ಹತೋಟಿಯಿಲ್ಲದ ಸಕ್ಕರೆ ಕಾಯಿಲೆ, ಬೊಜ್ಜು ಇದನ್ನು ಹೆಚ್ಚಿಸುತ್ತವೆ. ವಯಸ್ಸು ಮತ್ತು ವಂಶದ ಗುಣವೂ ಕಾರಣಗಳೇ. ಅವು ನಮ್ಮ ಕೈಯಲ್ಲಿಲ್ಲ.

ನಮ್ಮ ಕೈಯಲ್ಲಿ ಇರುವುದು:
1. ಬೀಡಿ, ಸಿಗರೇಟು ಬಿಡಿ. ಹೊಗೆ ರಕ್ತನಾಳಗಳನ್ನು ಕುಗ್ಗಿಸಿ ಡಿಸ್ಕಿಗೆ ಬರುವ ಆಹಾರವನ್ನೂ ತಡೆಯುತ್ತದೆ.
2. ಸಕ್ಕರೆ ಕಾಯಿಲೆ ಇದ್ದರೆ ಮಾತ್ರೆ ತಪ್ಪಿಸಬೇಡಿ.
3. ಜೋಳದ ರೊಟ್ಟಿಯ ಜೊತೆ ಪುಂಡಿಪಲ್ಯ, ಮೆಂತ್ಯೆ, ನುಗ್ಗೆಸೊಪ್ಪು, ಕಾಳು. ಆಗಾಗ ಪೇರಲ, ನಿಂಬೆ ಇರಲಿ. 'ಡಿಸ್ಕ್ ಬೆಳೆಸುವ' ಪುಡಿ, ಮಾತ್ರೆಗಳಿಗೆ ಹಣ ಸುರಿಯಬೇಡಿ. ಸವೆದ ಡಿಸ್ಕನ್ನು ಮರಳಿ ಬೆಳೆಸುತ್ತದೆಂದು ಸಾಬೀತಾದ ಮಾತ್ರೆ ಇಲ್ಲ.
4. ದಿನಾಲೂ ನಡೆಯಿರಿ.
5. 50 ಕೆ.ಜಿ. ಗೊಬ್ಬರದ ಚೀಲವನ್ನು ಒಬ್ಬರೇ ಎತ್ತಬೇಡಿ. ಮೊಣಕಾಲು ಮಡಚಿ, ಭಾರವನ್ನು ಮೈಗೆ ಹತ್ತಿರ ಹಿಡಿದು ಏಳಿ. ನಾಟಿಯ ನಡುನಡುವೆ ನೆಟ್ಟಗೆ ನಿಲ್ಲಿ.

ನೋವು ಬಂದರೆ?
ಹೆಚ್ಚಿನವರಿಗೆ ಕೆಲವು ವಾರಗಳಲ್ಲಿ ನೋವು ಇಳಿಯುತ್ತದೆ. ಹಾಸಿಗೆ ಹಿಡಿದು ಮಲಗಿದರೆ ಸ್ನಾಯುಗಳು ಸೋಲುತ್ತವೆ, ಆಗುವಷ್ಟು ಓಡಾಡಿ. ಬೆನ್ನು ತುಳಿಸಿಕೊಳ್ಳಬೇಡಿ. ವೈದ್ಯರನ್ನು ಕೇಳದೆ ದಿನಗಟ್ಟಲೆ ನೋವಿನ ಗುಳಿಗೆ ನುಂಗಬೇಡಿ, ಮೂತ್ರಪಿಂಡಕ್ಕೆ ಪೆಟ್ಟು. ನೋವೇ ಇಲ್ಲದವರ ಎಂಆರ್‌ಐನಲ್ಲೂ ಸವೆತ ಕಾಣುವುದುಂಟು. ಆದ್ದರಿಂದ ವರದಿ ನೋಡಿ ಗಾಬರಿಯಾಗಬೇಡಿ.

ತಡ ಮಾಡಬಾರದ ಲಕ್ಷಣಗಳು:
ಮೂತ್ರ ಕಟ್ಟುವುದು ಅಥವಾ ಮಲಮೂತ್ರದ ಹಿಡಿತ ತಪ್ಪುವುದು, ತೊಡೆಸಂದಿಯಲ್ಲಿ ಜೋಮು, ಕಾಲಿನ ಬಲ ಕುಗ್ಗುವುದು ಕಂಡರೆ ರಾತ್ರಿಯಾದರೂ ಅಂದೇ ಆಸ್ಪತ್ರೆಗೆ ಬನ್ನಿ. ತಡವಾದರೆ ನರಗಳು ಶಾಶ್ವತವಾಗಿ ಹಾಳಾಗಬಹುದು. ಜ್ವರ, ತೂಕ ಇಳಿಕೆಯ ಜೊತೆ ಬೆನ್ನುನೋವಿದ್ದರೆ ಕ್ಷಯದ ತಪಾಸಣೆಯೂ ಬೇಕು.

ಜೊತೆಗಿರುವ ಬಂಧುಗಳೇ, ಮೂತ್ರದ ತೊಂದರೆ ಹೇಳಲು ರೋಗಿ ಸಂಕೋಚಪಡಬಹುದು. ನೀವೇ ಕೇಳಿ, ನಮಗೆ ತಿಳಿಸಿ.